ರಬ್ಬರಿನ ಮೇಲೆ ಕೂತ ಗಾಡಿಗಳು

ಸ್ಪ್ರಿಂಗ್ ಬದಲಿಸಿ ಕಾರನ್ನು ಲೋ ಮಾಡಿಸಿಕೊಂಡವರು ಒಂದೆರಡು ತಿಂಗಳಿಗೆ ಗ್ಯಾರೇಜಿಗೆ ಬಂದು ಹೇಳುವ ಮಾತು ಹೆಚ್ಚೂಕಡಿಮೆ ಒಂದೇ. ‘ಹಿಂದೆ ಕೂತವರಿಗೆ ಸೊಂಟ ಹೋಗ್ತಿದೆ ಸಾರ್, ಶಾಕ್ ಹೋಗಿರ್ಬೇಕು, ಸ್ವಲ್ಪ ನೋಡಿ.’ ನೋಡಿದರೆ ಶಾಕ್ ಅಬ್ಸಾರ್ಬರ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಎಣ್ಣೆ ಒಸರಿರುವುದಿಲ್ಲ, ಬುಷ್ ಹರಿದಿರುವುದಿಲ್ಲ. ಗಾಡಿ ಬಂಪ್ ಸ್ಟಾಪಿನ ಮೇಲೆ ಕೂತಿರುತ್ತದೆ, ಅಷ್ಟೇ.

ಚಕ್ರ ಪೂರ್ತಿ ಮೇಲಕ್ಕೆ ಬಂದಾಗ ಕಬ್ಬಿಣಕ್ಕೆ ಕಬ್ಬಿಣ ಬಡಿಯದಂತೆ ನಡುವೆ ಇಟ್ಟಿರುವ ರಬ್ಬರು ಅಥವಾ ಫೋಮಿನ ತುಂಡೇ ಈ ಬಂಪ್ ಸ್ಟಾಪ್. ಅಂಬಾಸಿಡರ್ ಕಾಲದಲ್ಲಿ ಅದು ಹಿಂದಿನ ಆಕ್ಸೆಲ್ ಮೇಲ್ಗಡೆ ಕಣ್ಣಿಗೆ ಕಾಣುವಂತೆ ಕೂತಿರುತ್ತಿದ್ದ ಕರಿ ರಬ್ಬರ್ ಗಡ್ಡೆ. ಈಗಿನ ಗಾಡಿಗಳಲ್ಲಿ ಹೆಚ್ಚಾಗಿ ಶಾಕಿನ ರಾಡಿಗೇ ಪೋಣಿಸಿರುತ್ತಾರೆ, ಮೇಲೆ ಧೂಳಿನ ಕವರ್ ಬೇರೆ ಇರುವುದರಿಂದ ಅದೊಂದಿದೆ ಎಂಬುದೇ ಅನೇಕರಿಗೆ ಗೊತ್ತಿರುವುದಿಲ್ಲ. ಕೆಲವುಗಳಲ್ಲಿ ಸ್ಪ್ರಿಂಗಿನ ಹೊಟ್ಟೆಯೊಳಗೆ ಇರುತ್ತದೆ. ಕಂಪನಿ ಎತ್ತರದಲ್ಲಿ ಓಡುವ ಗಾಡಿಗೆ ಅದು ದೊಡ್ಡ ಗುಂಡಿಗೋ ಹಂಪಿಗೋ ಯಾವಾಗಲೊಮ್ಮೆ ಕೆಲಸಕ್ಕೆ ಬರುತ್ತದೆ. ಲೋ ಮಾಡಿದ ಗಾಡಿಗೆ ಅದು ಎರಡನೇ ಸ್ಪ್ರಿಂಗ್. ದಿನಾ, ಪ್ರತಿ ಹಂಪಿಗೂ ದುಡಿಯುತ್ತದೆ. ಮುಂದೆ ಬರೆದಿರುವುದೆಲ್ಲ ಇದನ್ನು ಒಪ್ಪಿಕೊಂಡು ಮಾಡಿದ ಕೆಲಸದಿಂದ ಬಂದದ್ದು. ಮಾತು ಮುಖ್ಯವಾಗಿ ಸ್ವಿಫ್ಟ್, ಐ20, ಪೋಲೋ, ಸಿಟಿಯಂಥ ಗಾಡಿಗಳದ್ದು. ಇವು ಎಂಜಿನ್ ಬಲ ಮುಂದಿನ ಚಕ್ರಕ್ಕೆ ಹೋಗುವ, ಹಿಂದಿನ ಎರಡೂ ಚಕ್ರಗಳನ್ನು ಒಂದೇ ಬೀಮ್ ಜೋಡಿಸುವ ಕಾರುಗಳು. ಬೆಂಗಳೂರಿನಲ್ಲಿ ಲೋ ಆಗುವುದರಲ್ಲಿ ಬಹುಪಾಲು ಇವೇ.

1. ಮೊದಲು ಡಿಕ್ಕಿ ಒತ್ತಿ ನೋಡಿ

ಡಿಕ್ಕಿಯ ಅಂಚಿನ ಮೇಲೆ ಎರಡೂ ಕೈಯೂರಿ ಮೈಭಾರ ಬಿಟ್ಟು ಒತ್ತಿ. ಸರಿಯಿರುವ ಗಾಡಿ ಮೆತ್ತಗೆ ಇಳಿದು ಮೇಲೆ ಬಂದು ನಿಲ್ಲುತ್ತದೆ. ಶಾಕ್ ಹೋದ ಗಾಡಿ ಕೈಬಿಟ್ಟ ಮೇಲೂ ಕುಣಿಯುತ್ತಿರುತ್ತದೆ. ಸ್ಟಾಪಿನ ಮೇಲೆ ಕೂತ ಗಾಡಿ ಎರಡನ್ನೂ ಮಾಡುವುದಿಲ್ಲ. ಒಂದು ಬೆರಳಷ್ಟು ಇಳಿದು ಗಕ್ಕನೆ ನಿಂತುಬಿಡುತ್ತದೆ. ಇನ್ನೊಬ್ಬರನ್ನು ಕರೆದು ಇಬ್ಬರೂ ಒತ್ತಿದರೂ ಅಷ್ಟೇ.

ಈ ಪರೀಕ್ಷೆ ಮಾಡದೆ ಹೊಸ ಶಾಕ್ ಹಾಕಿಸಿದವರು ಬಹಳ. ಇನ್ನೂ ದುಡ್ಡಿದ್ದವರು ಗಟ್ಟಿ ಮೆತ್ತಗೆ ಮಾಡಿಕೊಳ್ಳುವ ತಿರುಗಣೆಯಿರುವ ಶಾಕ್ ತರಿಸಿ, ಪೂರ್ತಿ ಮೆತ್ತಗಿನ ಕಡೆಗೆ ತಿರುಗಿಸಿಟ್ಟು, ‘ಏನೂ ವ್ಯತ್ಯಾಸ ಇಲ್ವಲ್ಲ’ ಅನ್ನುತ್ತಾರೆ. ಇರುವುದಿಲ್ಲ. ಶಾಕ್ ತಡೆಯುವುದು ಚಕ್ರದ ವೇಗವನ್ನು, ಸ್ಟಾಪ್ ತಡೆಯುವುದು ಚಕ್ರ ಇರುವ ಜಾಗವನ್ನು. ಜಾಗವೇ ಮುಗಿದ ಮೇಲೆ ಯಾವ ತಿರುಗಣೆಯೂ ಏನೂ ಮಾಡಲಾರದು.

2. ಖಾಲಿ ಗಾಡಿಯ ಅಳತೆಯನ್ನು ನಂಬಬೇಡಿ

ಒಂದು ಲೆಕ್ಕ ಹಾಕೋಣ. ಡ್ರೈವರ್ ಒಬ್ಬನೇ ಕೂತಾಗ ಕಂಪನಿ ಗಾಡಿಯಲ್ಲಿ ಸ್ಟಾಪಿಗೂ ಶಾಕಿನ ತಲೆಗೂ (ರಾಡು ಹೊರಬರುವ ಬಾಯಿಗೂ) ನಡುವೆ 55 ಮಿಲಿಮೀಟರ್ ಅಂತರ ಇದೆ ಎನ್ನಿ. 35 ಮಿ.ಮೀ. ಲೋ ಮಾಡಿದರೆ ಉಳಿಯುವುದು 20. ಈಗ ಹಿಂದಿನ ಸೀಟಿಗೆ ಇಬ್ಬರು ಹತ್ತಿದರು, ಡಿಕ್ಕಿಗೆ ಊರಿನ ಸಾಮಾನು ಬಿತ್ತು, ಹಿಂದಿನ ಆಕ್ಸೆಲ್ ಮೇಲೆ ಹೆಚ್ಚುವರಿ 150 ಕೆ.ಜಿ. ಅಂದರೆ ಒಂದೊಂದು ಬದಿಗೆ 75. ಚಕ್ರದ ಬಳಿ ಲೆಕ್ಕ ಹಾಕಿದಾಗ ಹೊಸ ಸ್ಪ್ರಿಂಗ್ ಮಿಲಿಮೀಟರಿಗೆ 3 ಕೆ.ಜಿ. ತಡೆದರೆ ಗಾಡಿ 25 ಮಿ.ಮೀ. ಇಳಿಯುತ್ತದೆ. ಇದ್ದದ್ದೇ 20. ಗಾಡಿ ಇನ್ನೂ ಮನೆ ಮುಂದೆ ನಿಂತಿದೆ, ಸ್ಟಾಪ್ ಆಗಲೇ 5 ಮಿ.ಮೀ. ಅಮುಕಿಹೋಗಿದೆ.

ಹಳೆಯ ಕಂಪನಿ ಸ್ಪ್ರಿಂಗ್ ಮಿಲಿಮೀಟರಿಗೆ 2.5 ಕೆ.ಜಿ.ಯ ಮೆತ್ತನೆಯದಾಗಿದ್ದರೂ ಇದೇ ಭಾರಕ್ಕೆ 30 ಇಳಿದು ಇನ್ನೂ 25 ಬಾಕಿ ಇಟ್ಟುಕೊಂಡಿರುತ್ತಿತ್ತು. ಹಾಗಾಗಿ ‘ಸ್ಪ್ರಿಂಗ್ ಗಟ್ಟಿ ಇದೆ, ಅದಕ್ಕೇ ಕುಲುಕುತ್ತೆ’ ಅನ್ನುವವರ ಮಾತು ಹೆಚ್ಚಿನ ಸಲ ತಪ್ಪು. ಲೋ ಮಾಡುವ ಸ್ಪ್ರಿಂಗ್ ಸಾಕಷ್ಟು ಗಟ್ಟಿ ಇಲ್ಲ ಎಂಬುದೇ ನಿಜವಾದ ತೊಂದರೆ.

ನಮ್ಮಲ್ಲಿ ಕಾರು ಕೊಳ್ಳುವುದೇ ಮನೆಮಂದಿಗೆಲ್ಲ. ಹುಡುಗ ಒಬ್ಬನೇ ರಾತ್ರಿ ಏರ್‌ಪೋರ್ಟ್ ರೋಡಿನಲ್ಲಿ ಓಡಿಸುವಾಗ ಚೆನ್ನಾಗಿರುತ್ತದೆ, ಭಾನುವಾರ ಅಪ್ಪ ಅಮ್ಮನ ಜೊತೆ ದೇವಸ್ಥಾನಕ್ಕೆ ಹೊರಟಾಗ ಬಣ್ಣ ಬಯಲಾಗುತ್ತದೆ. ಅಳತೆ ತೆಗೆಯುವಾಗ ಹಿಂದಿನ ಸೀಟಿನ ಮೇಲೆ 25 ಕೆ.ಜಿ. ಅಕ್ಕಿಚೀಲಗಳನ್ನು ಹೇರಿ. ಮರಳಿನ ಚೀಲವೂ ಆಗುತ್ತದೆ, ಸೀಟು ಗಲೀಜಾಗುತ್ತದೆ ಅಷ್ಟೇ.

3. ಚಕ್ರ ಸರಿದಷ್ಟೇ ರಾಡು ಸರಿಯುವುದಿಲ್ಲ

ಮೇಲಿನ ಲೆಕ್ಕದಲ್ಲಿ ಚಕ್ರ ಒಂದು ಮಿಲಿಮೀಟರ್ ಏರಿದರೆ ರಾಡೂ ಒಂದು ಮಿಲಿಮೀಟರ್ ಒಳಗೆ ಹೋಗುತ್ತದೆ ಎಂದುಕೊಂಡಿದ್ದೆ. ನಿಜದಲ್ಲಿ ಶಾಕ್ ಸ್ವಲ್ಪ ವಾಲಿ ನಿಂತಿರುತ್ತದೆ, ಆಕ್ಸೆಲಿಗಿಂತ ಮುಂದೋ ಹಿಂದೋ ಇರುತ್ತದೆ. ಬೀಮ್ ಇರುವ ಗಾಡಿಗಳಲ್ಲಿ ವ್ಯತ್ಯಾಸ ಕಡಿಮೆ. 2006ರಲ್ಲಿ ಇಲ್ಲಿಗೆ ಬಂದ ಹೋಂಡಾ ಸಿವಿಕ್‌ನಂಥ, ಹಿಂದೆ ತೋಳುಗಳಿರುವ ಗಾಡಿಗಳಲ್ಲಿ ಶಾಕ್ ಕೂತಿರುವುದು ತೋಳಿನ ಮೇಲೆ, ಆದ್ದರಿಂದ ವ್ಯತ್ಯಾಸ ಎಣಿಕೆಗೆ ಸಿಗುವಷ್ಟಿರುತ್ತದೆ. ಪುಸ್ತಕ ಹುಡುಕುವುದು ಬೇಡ. ಚಕ್ರವನ್ನು ಜಾಕಿಯಿಂದ 50 ಮಿ.ಮೀ. ಎತ್ತಿ, ರಾಡು ಎಷ್ಟು ಒಳಗೆ ಹೋಯಿತು ಎಂದು ಸ್ಕೇಲ್ ಹಿಡಿದು ನೋಡಿ. 40 ಹೋದರೆ, ಸ್ಟಾಪಿನಲ್ಲಿ 10 ಮಿ.ಮೀ. ಕೊಯ್ದದ್ದು ಚಕ್ರಕ್ಕೆ 12.5 ಆಗಿ ಸಿಗುತ್ತದೆ.

4. ಕೇಬಲ್ ಟೈ ಸುಳ್ಳು ಹೇಳುವುದಿಲ್ಲ

ಗಿರಾಕಿ ‘ಹಿಂದೆ ಬಡಿಯುತ್ತೆ’ ಅನ್ನುತ್ತಾನೆ. ಎಲ್ಲಿ, ಎಷ್ಟು, ಯಾವ ಬದಿ ಎಂದು ಕೇಳಿದರೆ ಉತ್ತರ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಹತ್ತು ಪೈಸೆ ಖರ್ಚಿಲ್ಲದ ಉಪಾಯ ಒಂದಿದೆ. ಧೂಳಿನ ಕವರ್ ಮೇಲಕ್ಕೆ ಸರಿಸಿ, ರಾಡನ್ನು ಬಟ್ಟೆಯಿಂದ ಒರೆಸಿ, ಶಾಕಿನ ತಲೆಗೆ ತಾಗಿದಂತೆ ಒಂದು ಸಣ್ಣ ಪ್ಲಾಸ್ಟಿಕ್ ಕೇಬಲ್ ಟೈ ರಾಡಿಗೆ ಕಟ್ಟಿ. ಕೈಯಿಂದ ತಳ್ಳಿದರೆ ಸರಿಯಬೇಕು, ತಾನಾಗಿ ಜಾರಬಾರದು, ಅಷ್ಟು ಬಿಗಿ ಸಾಕು. ಉಳಿದ ಬಾಲವನ್ನು ಕಟ್ ಮಾಡಿ. ಇಕ್ಕಳ ಮಾತ್ರ ರಾಡಿಗೆ ತಾಗಬಾರದು. ಆ ಹೊಳಪಿನ ಮೇಲೆ ಉಗುರಿನಷ್ಟು ಗೀರು ಬಿದ್ದರೂ ಸೀಲು ಹರಿದು ಶಾಕ್ ಸೋರಲು ಶುರು.

ಆಮೇಲೆ ಗಾಡಿಯನ್ನು ಮಾಲೀಕನಿಗೇ ಕೊಡಿ. ದಿನಾ ಓಡಿಸುವ ರಸ್ತೆಯಲ್ಲಿ, ದಿನಾ ಹೇರುವ ಭಾರದಲ್ಲಿ ಓಡಿಸಿ ತರಲಿ. ರಾಡು ಒಳಗೆ ಹೋದಾಗಲೆಲ್ಲ ಶಾಕಿನ ತಲೆ ಟೈಯನ್ನು ಮೇಲಕ್ಕೆ ತಳ್ಳುತ್ತದೆ, ರಾಡು ವಾಪಸ್ ಬಂದಾಗ ಟೈ ಅಲ್ಲೇ ನಿಲ್ಲುತ್ತದೆ. ಟೈಗೂ ಸ್ಟಾಪಿಗೂ ಅಂತರ ಉಳಿದಿದ್ದರೆ ಗಾಡಿ ಸ್ಟಾಪ್ ಮುಟ್ಟಿಲ್ಲ, ಸದ್ದು ಬೇರೆಲ್ಲೋ ಇದೆ. ಸ್ಟಾಪಿನ ತುದಿಗೆ ತಾಗಿ ನಿಂತಿದ್ದರೆ ಆಗಾಗ ಮುಟ್ಟುತ್ತಿದೆ. ಟೈ ಫೋಮಿನೊಳಗೆ ಹೂತು ಹೋಗಿದ್ದರೆ ಅಥವಾ ಹರಿದೇ ಹೋಗಿದ್ದರೆ ಸ್ಟಾಪ್ ದಿನವೂ ಒದೆ ತಿನ್ನುತ್ತಿದೆ. ಎಡಬಲ ಎರಡೂ ಕಡೆ ಕಟ್ಟುವುದು ಮುಖ್ಯ. ನಮ್ಮ ರಸ್ತೆಗಳಲ್ಲಿ ಎಡಗಡೆ ಗುಂಡಿ, ಚರಂಡಿ ಮುಚ್ಚಳ, ಅಗೆದು ಮುಚ್ಚಿದ ಕೇಬಲ್ ಕಾಲುವೆ ಎಲ್ಲ ಜಾಸ್ತಿ, ಎಡಗಡೆಯ ಟೈ ಮೇಲೆ ಹೋಗಿರುವುದೇ ಹೆಚ್ಚು.

ಸ್ಟಾಪ್ ಸ್ಪ್ರಿಂಗಿನ ಒಳಗಿರುವ ಗಾಡಿಗಳಲ್ಲಿ ಟೈ ಕಟ್ಟಲು ಆಗುವುದಿಲ್ಲ. ಅಲ್ಲಿ ಮಕ್ಕಳು ಆಡುವ ಬಣ್ಣದ ಜೇಡಿಮಣ್ಣನ್ನು ಸ್ಟಾಪಿನ ತುದಿಗೆ ಮೆತ್ತಿ ಕಳಿಸಿ. ಎಷ್ಟು ಚಪ್ಪಟೆಯಾಯಿತು ಎಂಬುದೇ ಉತ್ತರ.

5. ಸ್ಪ್ರಿಂಗ್ ತೆಗೆದು ಕೊನೆಯ ಜಾಗ ಹುಡುಕಿ

ಸ್ಟಾಪ್ ಕೊಯ್ಯುವ ಮುನ್ನ ಈ ಕೆಲಸ ಮಾಡುವವರು ಬಹಳ ಕಡಿಮೆ. ಅರ್ಧ ದಿನ ಹಿಡಿಯುತ್ತದೆ, ಗಿರಾಕಿಗೆ ಏನು ಮಾಡಿದಿರಿ ಎಂದು ತೋರಿಸಲು ಏನೂ ಇರುವುದಿಲ್ಲ. ಆದರೆ ಇದಿಲ್ಲದೆ ಬ್ಲೇಡು ಕೈಗೆತ್ತಿಕೊಳ್ಳುವುದು ಕುರುಡು ಕೆಲಸ.

ಗಾಡಿಯನ್ನು ಬಾಡಿಯ ಜಾಕಿ ಪಾಯಿಂಟಿನಲ್ಲಿ ಎತ್ತಿ ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜಾಕಿಯನ್ನು ನಂಬಿ ಕೆಳಗೆ ತಲೆ ಹಾಕುವುದಿಲ್ಲ ಎಂಬ ಮಾತನ್ನು ಗ್ಯಾರೇಜಿಗೆ ಹೊಸದಾಗಿ ಬಂದ ಹುಡುಗರಿಗೆ ಮೊದಲ ದಿನವೇ ಹೇಳುತ್ತೇನೆ, ಎರಡನೇ ದಿನವೂ ಹೇಳುತ್ತೇನೆ. ಬೀಮಿಗೆ ಜಾಕಿ ಆನಿಸಿ, ಶಾಕಿನ ಕೆಳಗಿನ ಬೋಲ್ಟ್ ತೆಗೆದು, ಬೀಮನ್ನು ನಿಧಾನವಾಗಿ ಇಳಿಸಿ ಸ್ಪ್ರಿಂಗ್ ಹೊರಗೆ ತೆಗೆಯಿರಿ. ರಾಡಿನಿಂದ ಸ್ಟಾಪನ್ನೂ ತೆಗೆದು ಶಾಕನ್ನು ಮತ್ತೆ ಬೋಲ್ಟ್ ಹಾಕಿ. ಗಾಡಿಯಲ್ಲಿ ಹಾಕಿ ಓಡಿಸುವ ಚಕ್ರ ಟಯರನ್ನೇ ಹಾಕಿ. ಈಗ ಬೀಮನ್ನು ಜಾಕಿಯಿಂದ ಮೆಲ್ಲಗೆ ಮೇಲೆತ್ತುತ್ತಾ ಟಾರ್ಚ್ ಹಿಡಿದು ನೋಡಿ. ಟಯರಿನ ಭುಜ ಫೆಂಡರಿನ ಮಡಿಕೆಗೆ ಹತ್ತಿರ ಬರುತ್ತಿದೆಯೇ, ಒಳಗಿನ ಪ್ಲಾಸ್ಟಿಕ್ ಲೈನಿಂಗಿಗೆ ತಾಗುತ್ತಿದೆಯೇ, ಬ್ರೇಕ್ ಹೋಸು ಎಲ್ಲಾದರೂ ಸಿಕ್ಕಿಕೊಳ್ಳುತ್ತಿದೆಯೇ, ಸೈಲೆನ್ಸರ್ ಪೈಪಿಗೂ ಬೀಮಿಗೂ ಎಷ್ಟು ಅಂತರ, ಶಾಕ್ ಒಳಗಡೆ ತಳ ಮುಟ್ಟಿದ ಹಾಗೆ ಗಟ್ಟಿಯಾಯಿತೇ. ಎರಡೂ ಬದಿ ಒಟ್ಟಿಗೆ ಎತ್ತಿ ಒಮ್ಮೆ, ಒಂದೇ ಬದಿ ಎತ್ತಿ ಇನ್ನೊಮ್ಮೆ ನೋಡಬೇಕು. ತಿರುವಿನಲ್ಲಿ ಒಂದೇ ಬದಿ ಏರುವುದರಿಂದ ಟಯರು ವಾಲುವ ರೀತಿಯೇ ಬೇರೆ.

ಯಾವುದು ಮೊದಲು ತಾಗುತ್ತದೋ ಅದಕ್ಕಿಂತ 8–10 ಮಿ.ಮೀ. ಮುಂಚೆ ಜಾಕಿ ನಿಲ್ಲಿಸಿ. ಶಾಕಿನ ತಲೆಯಿಂದ ಮೇಲಿನ ಮೌಂಟಿನ ಅಡಿಯವರೆಗೆ ಹೊರಗೆ ಕಾಣುವ ರಾಡನ್ನು ಅಳೆಯಿರಿ. 18 ಮಿ.ಮೀ. ಬಂತು ಎನ್ನಿ. ಪೂರ್ತಿ ಜಜ್ಜಿಹೋದಾಗಲೂ ಸ್ಟಾಪ್ ಇಷ್ಟು ದಪ್ಪ ಉಳಿದುಕೊಳ್ಳಲೇಬೇಕು. ಚಕ್ರ ಬದಲಿಸಿದರೆ, ಟಯರ್ ಅಗಲ ಮಾಡಿದರೆ, ಸ್ಪೇಸರ್ ಹಾಕಿದರೆ ಈ ಅಂಕಿ ಬದಲಾಗುತ್ತದೆ. ಗೆಳೆಯನ ಗಾಡಿಯ ಅಂಕಿ ನಿಮ್ಮದಕ್ಕೆ ಆಗುವುದಿಲ್ಲ.

6. ಇಪ್ಪತ್ತು ಕೊಯ್ದರೆ ಸಿಗುವುದು ಏಳು

ಈಗ ಕೊಯ್ಯುವ ಮಾತು. ಸ್ಟಾಪಿನಲ್ಲಿ 20 ಮಿ.ಮೀ. ಕೊಯ್ದರೆ ಚಕ್ರಕ್ಕೆ 20 ಮಿ.ಮೀ. ಹೆಚ್ಚು ಓಡಾಟ ಸಿಗುತ್ತದೆ ಎಂದೇ ಎಲ್ಲರ ನಂಬಿಕೆ. ಅರ್ಧ ಮಾತ್ರ ನಿಜ.

ಈಗಿನ ಸ್ಟಾಪುಗಳು ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಪಾಲಿಯುರೆಥೇನ್ ಫೋಮಿನವು. ಅವು ಪೂರ್ತಿ ಅಮುಕಿದಾಗ ಸುಮಾರು ಮೂರನೇ ಒಂದು ಭಾಗಕ್ಕೆ ಇಳಿಯುತ್ತವೆ. 60 ಮಿ.ಮೀ. ಸ್ಟಾಪ್ ಜಜ್ಜಿದಾಗ 20. ಅದನ್ನು ಕೊಯ್ದು 40 ಮಾಡಿದಿರಿ, ಜಜ್ಜಿದಾಗ 13. ಸ್ಟಾಪ್ ಮುಟ್ಟುವ ಮುನ್ನಿನ ಖಾಲಿ ಜಾಗ 20 ಹೆಚ್ಚಾಯಿತು, ಸರಿ. ಆದರೆ ಚಕ್ರ ಕೊನೆಗೆ ನಿಲ್ಲುವ ಜಾಗ ಮೇಲಕ್ಕೆ ಹೋದದ್ದು 7 ಮಾತ್ರ. ಮುಂಚೆ ಹೊಡೆತವನ್ನು ನುಂಗಲು ಫೋಮಿಗೆ 40 ಮಿ.ಮೀ. ಓಟ ಇತ್ತು, ಈಗ 27. ಹೊಡೆತ ಅಷ್ಟೇ ಇದೆ, ಜಾಗ ಕಡಿಮೆಯಾಗಿದೆ, ಹಾಗಾಗಿ ಮೊಂಡು ಸ್ಟಾಪ್ ತಡವಾಗಿ ಮುಟ್ಟುತ್ತದೆ, ಮುಟ್ಟಿದಾಗ ಬಲವಾಗಿ ಹೊಡೆಯುತ್ತದೆ. ಸಣ್ಣ ಉಬ್ಬುತಗ್ಗುಗಳಲ್ಲಿ ಸುಖ ಹೆಚ್ಚು, ದೊಡ್ಡ ಹಂಪಿನಲ್ಲಿ ಒದೆ ಹೆಚ್ಚು.

ಇನ್ನೊಂದು ಸಂಗತಿ. ಹಿಂದಿನ ಪಾಠದಲ್ಲಿ ನಮಗೆ ಬೇಕಾದದ್ದು 18. ಕೊಯ್ದ ಸ್ಟಾಪ್ ಜಜ್ಜಿದಾಗ ಉಳಿಯುವುದು 13. ಐದು ಮಿಲಿಮೀಟರ್ ಸಾಲ. ಟಯರು ಫೆಂಡರ್ ಕೆರೆಯುವುದು, ಶಾಕಿನ ಪಿಸ್ಟನ್ ತಳದ ವಾಲ್ವಿಗೆ ಬಡಿಯುವುದು ಈ ಸಾಲದಿಂದಲೇ. ಬರೀ ಕೊಯ್ಯುವುದಾದರೆ ಆ ಗಾಡಿಯಲ್ಲಿ 54ಕ್ಕಿಂತ ಕೆಳಗೆ ಇಳಿಯುವ ಹಾಗಿಲ್ಲ, ಅಂದರೆ 6 ಮಿ.ಮೀ. ಕೊಯ್ಯಬಹುದು. ಅದರಿಂದ ಯಾರ ಸೊಂಟವೂ ಉಳಿಯುವುದಿಲ್ಲ.

ದಾರಿ ಇದೆ. 40ರ ಸ್ಟಾಪಿನ ಹಿಂದೆ, ಮೌಂಟಿನ ಕಡೆಗೆ, 5 ಮಿ.ಮೀ. ದಪ್ಪದ ನೈಲಾನ್ ವಾಷರ್ ಹಾಕಿ. ರೇಸಿನವರು ಇದನ್ನು ಪ್ಯಾಕರ್ ಅನ್ನುತ್ತಾರೆ. ಒಟ್ಟು ಉದ್ದ 45, ಜಜ್ಜಿದಾಗ 13 ಮತ್ತು 5 ಸೇರಿ 18. ಖಾಲಿ ಜಾಗದಲ್ಲಿ 15 ಮಿ.ಮೀ. ಲಾಭ, ಕೊನೆಯ ಜಾಗ ಸುರಕ್ಷಿತ. ಎರಡನೇ ಪಾಠದ ಗಾಡಿಗೆ ಇದನ್ನು ಹಾಕಿದರೆ 20 ಇದ್ದ ಅಂತರ 35 ಆಗುತ್ತದೆ, ಮನೆಮಂದಿ ಕೂತಾಗಲೂ 10 ಉಳಿಯುತ್ತದೆ. ಹತ್ತು ಕಡಿಮೆಯೇ. ಆದರೂ ನಿಂತಲ್ಲೇ ಸ್ಟಾಪಿನ ಮೇಲೆ ಕೂರುವುದಕ್ಕೂ ಇದಕ್ಕೂ ಹಿಂದಿನ ಸೀಟಿನಲ್ಲಿ ಅಜಗಜಾಂತರ.

ಯಾವ ಲೇತ್ ಅಂಗಡಿಯಲ್ಲಾದರೂ ಈ ವಾಷರ್ ಮಾಡಿಕೊಡುತ್ತಾರೆ. ಒಳತೂತು ರಾಡಿಗಿಂತ ಒಂದು ಮಿಲಿಮೀಟರ್ ದೊಡ್ಡದಿರಲಿ, ಅಂಚುಗಳನ್ನು ಉಜ್ಜಿ ನಯ ಮಾಡಿಸಿ. ಕೊಯಮತ್ತೂರಿನ ‘ಕರಿ’ ಎಂಬ ರೇಸ್ ಟ್ರ್ಯಾಕಿನಲ್ಲೋ ಚೆನ್ನೈನ ಟ್ರ್ಯಾಕಿನಲ್ಲೋ ಓಡುವವರು ಶಾಕ್ ಬಿಚ್ಚದೆ ಪಕ್ಕದಿಂದ ಸಿಕ್ಕಿಸುವಂಥ, ಒಂದು ಕಡೆ ಬಾಯಿ ತೆರೆದ ಪ್ಯಾಕರ್ ಬಳಸುತ್ತಾರೆ. ರಸ್ತೆ ಗಾಡಿಗೆ ಅಷ್ಟೆಲ್ಲ ಬೇಡ.

7. ಚೂಪು ತುದಿಯನ್ನು ಮುಟ್ಟಬೇಡಿ

ಸ್ಟಾಪಿನ ಒಂದು ತುದಿ ಸಪೂರ, ಇನ್ನೊಂದು ದಪ್ಪ. ಸಪೂರ ತುದಿ ಮೊದಲು ಮುಟ್ಟಿ ಮೆತ್ತಗೆ ಶುರುಮಾಡುತ್ತದೆ, ಆಮೇಲೆ ಮೈ ಗಟ್ಟಿಯಾಗುತ್ತ ಹೋಗುತ್ತದೆ. ಕೊಯ್ಯಲು ಸುಲಭವಾಗಿ ಕೈಗೆ ಸಿಗುವುದು ಆ ಸಪೂರ ತುದಿಯೇ, ಆದ್ದರಿಂದ ಅದನ್ನೇ ಕೊಯ್ದುಹಾಕುತ್ತಾರೆ. ಉಳಿಯುವುದು ಮೆತ್ತಗಿನ ಆರಂಭವೇ ಇಲ್ಲದ ಮೊಂಡು ತುಂಡು. ಕೊಯ್ಯಬೇಕಾದದ್ದು ದಪ್ಪ ತುದಿಯನ್ನು. ಆ ತುದಿ ಮೌಂಟಿನ ಬಟ್ಟಲೊಳಗೆ ಸಿಕ್ಕಿ ಕೂರುವ ಆಕಾರದಲ್ಲಿದ್ದರೆ ಕೊಯ್ಯುವ ಯೋಚನೆ ಬಿಟ್ಟು, ಬೇಕಾದ ಉದ್ದದ ಬೇರೆ ಸ್ಟಾಪ್ ಹುಡುಕುವುದು ಒಳ್ಳೆಯದು.

ಮೈಮೇಲೆ ಬಳೆಯಂಥ ತಗ್ಗುಗಳಿರುತ್ತವೆ, ಅಲ್ಲೇ ಕೊಯ್ಯಿರಿ. ಹೊಸ ಹ್ಯಾಕ್ಸಾ ಬ್ಲೇಡು ಅಥವಾ ಚೂಪು ಚಾಕು, ತುಸು ಸೋಪುನೀರು. ಬಿಸಿ ಮಾಡಿದ ಚಾಕುವಿನಿಂದ ಕೊಯ್ದರೆ ಫೋಮ್ ಕರಗಿ ಅಂಚು ಗಾಜಿನಂತೆ ಗಟ್ಟಿಯಾಗಿ ಅಲ್ಲಿಂದಲೇ ಬಿರಿಯುತ್ತದೆ. ಎರಡೂ ಬದಿಯದ್ದನ್ನು ಅಕ್ಕಪಕ್ಕ ನಿಲ್ಲಿಸಿ ಅಳೆದು ನೋಡದೆ ಒಳಗೆ ಹಾಕಬೇಡಿ.

8. ರಬ್ಬರ್, ಫೋಮ್, ಪಿಯು

ಗಟ್ಟಿ ರಬ್ಬರು ಅಮುಕಿದಾಗ ಕುಗ್ಗುವುದಿಲ್ಲ, ಪಕ್ಕಕ್ಕೆ ಉಬ್ಬುತ್ತದೆ. ಅರ್ಧಕ್ಕೆ ಬರುವುದೂ ಕಷ್ಟ. ಫೋಮು ತನ್ನೊಳಗಿನ ಗಾಳಿಗುಳ್ಳೆಗಳನ್ನು ಮುಚ್ಚಿಕೊಂಡು ತನ್ನಲ್ಲೇ ಕುಗ್ಗುತ್ತದೆ. ಬಿಎಎಸ್‌ಎಫ್ ಕಂಪನಿ ಸೆಲ್ಲಾಸ್ಟೋ ಎಂಬ ಹೆಸರಿನಲ್ಲಿ ಮಾಡುವ ವಸ್ತು ಇದೇ ಜಾತಿಯದು, ಅನೇಕ ಕಾರು ಕಂಪನಿಗಳು ಬಳಸುತ್ತವೆ. ಆನ್‌ಲೈನಿನಲ್ಲಿ ಕೆಂಪು, ನೀಲಿ, ಹಳದಿ ಬಣ್ಣಗಳಲ್ಲಿ ಸಿಗುವ, ಗಾಳಿಗುಳ್ಳೆಗಳಿಲ್ಲದ ಗಟ್ಟಿ ಪಿಯು (ಪಾಲಿಯುರೆಥೇನ್) ಸ್ಟಾಪುಗಳು ನೋಡಲು ಚೆನ್ನ, ಲಾರಿ ಜೀಪುಗಳಿಗೆ ಸರಿ. ಲೋ ಮಾಡಿದ ಕಾರಿನ ಹಿಂಬದಿಗೆ ಹಾಕಿದರೆ ಒಂದು ಮರದ ತುಂಡು ಇಟ್ಟಂತೆಯೇ.

ಫೋಮಿಗೆ ಒಂದು ಕಾಯಿಲೆ ಇದೆ. ತೇವ ಮತ್ತು ಸೆಕೆಯಲ್ಲಿ ವರ್ಷಗಳ ಮೇಲೆ ಅದು ಒಳಗಿಂದಲೇ ಕೆಡುತ್ತದೆ. ಮಂಗಳೂರು, ಉಡುಪಿ ಕಡೆಯ ಹಳೆಯ ಗಾಡಿಗಳ ಕವರ್ ಸರಿಸಿದರೆ ಸ್ಟಾಪ್ ಇದ್ದ ಜಾಗದಲ್ಲಿ ಹಳದಿ ಪುಡಿ, ಬೆರಳಿಗೆ ಅಂಟುವ ಚೂರು. ಗಾಡಿ ಲೋ ಮಾಡುವ ಮುನ್ನ ಹಳೆಯದನ್ನು ಉಗುರಿನಿಂದ ಒತ್ತಿ ನೋಡಿ, ಪುಡಿ ಉದುರಿದರೆ ಹೊಸದು ಹಾಕಿಸಿ. ಇಷ್ಟು ಅಗ್ಗದ ಭಾಗ ಗಾಡಿಯಲ್ಲಿ ಹೆಚ್ಚಿಲ್ಲ.

9. ಘಾಟಿ ತಿರುವಿನಲ್ಲಿ ಹಿಂಬದಿ ಜಾರುವುದು

ಸುಖದ ಮಾತು ಆಯಿತು. ಇದು ಜೀವದ ಮಾತು.

ಮುಂದಿನ ಚಕ್ರ ಎಳೆಯುವ ಕಾರು ವೇಗವಾಗಿ ತಿರುಗಿದಾಗ ಸಾಮಾನ್ಯವಾಗಿ ಮೂತಿ ಹೊರಕ್ಕೆ ಹೋಗುತ್ತದೆ. ಓಡಿಸುವವನಿಗೆ ಅದು ರೂಢಿ. ಆಕ್ಸಿಲರೇಟರ್ ಬಿಡುತ್ತಾನೆ, ಗಾಡಿ ಸರಿದಾರಿಗೆ ಬರುತ್ತದೆ. ಈಗ ಹಿಂದಿನ ಹೊರಬದಿಯ ಸ್ಟಾಪ್ ತಿರುವಿನ ನಡುವೆ ಮುಟ್ಟಿತು ಎನ್ನಿ. ಆ ಕ್ಷಣಕ್ಕೆ ಹಿಂಬದಿಯ ಗಟ್ಟಿತನ ಹಲವು ಪಟ್ಟು ಏರುತ್ತದೆ. ವಾಲುವಿಕೆಯ ಭಾರವನ್ನು ಮುಂದಿನ ಆಕ್ಸೆಲಿಗಿಂತ ಹಿಂದಿನದೇ ಹೆಚ್ಚಾಗಿ ಹೊರುತ್ತದೆ, ಹೊರಗಿನ ಹಿಂದಿನ ಟಯರಿನ ಮೇಲೆ ಭಾರ ಬಂದು ಬೀಳುತ್ತದೆ, ಒಳಗಿನದು ಹಗುರಾಗುತ್ತದೆ, ಎರಡೂ ಸೇರಿ ಹಿಡಿಯುವ ಹಿಡಿತ ಕಡಿಮೆಯಾಗುತ್ತದೆ. ಬಾಲ ಹೊರಗೆ ಹೋಗುತ್ತದೆ. ಡ್ರೈವರ್ ರೂಢಿಯಂತೆ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಹೋಗಿ ಬಾಲ ಇನ್ನಷ್ಟು ಜಾರುತ್ತದೆ.

ಚಾರ್ಮಾಡಿಯನ್ನೋ ಆಗುಂಬೆಯನ್ನೋ ಮಳೆಗಾಲದಲ್ಲಿ ತುಂಬಿದ ಗಾಡಿಯಲ್ಲಿ ಇಳಿಯುವುದನ್ನು ನೆನೆಯಿರಿ. ಇಳಿಜಾರು, ಒದ್ದೆ, ಹಿಂದೆ ಮೂವರು, ತಿರುವಿನ ನಡುವೆಯೇ ಕಿತ್ತುಹೋದ ಟಾರು. ಎಲ್ಲವೂ ಒಂದೇ ಕಡೆಗೆ ಸೇರಿಕೊಳ್ಳುತ್ತವೆ. ‘ಸಿಟೀಲಿ ಸೂಪರ್ ಆಗಿ ತಿರುಗುತ್ತೆ ಅಣ್ಣ’ ಎಂಬ ಮಾತು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಆದ್ದರಿಂದ ಹಿಂದಿನ ಸ್ಟಾಪ್ ಮುಟ್ಟುವುದಾದರೆ ಮೆತ್ತಗೆ, ಬೇಗ, ಕ್ರಮೇಣ ಮುಟ್ಟಬೇಕು. ತಡವಾಗಿ ಮುಟ್ಟಿ ಥಟ್ಟನೆ ಗಟ್ಟಿಯಾಗುವ ಸ್ಟಾಪಿಗಿಂತ, ಉದ್ದನೆಯ ಮೆತ್ತನೆಯ ಫೋಮ್ ಸ್ಟಾಪ್ ಮೊದಲೇ ತುಸು ಮುಟ್ಟಿಕೊಂಡಿದ್ದರೂ ಪರವಾಗಿಲ್ಲ. ಕೊಯ್ಯುವುದೇ ಯಾವಾಗಲೂ ಪರಿಹಾರವಲ್ಲ ಎನ್ನುವುದು ಇದಕ್ಕೇ. ಘಾಟಿಯಲ್ಲಿ ಹೆಚ್ಚು ಓಡಿಸುವವನ ಗಾಡಿಗೆ ನಾನು ಕೊಯ್ಯುವ ಬದಲು ಹಿಂಬದಿಯನ್ನು 10–15 ಮಿ.ಮೀ. ಮೇಲೆತ್ತಿಸುತ್ತೇನೆ. ಅವನ ಮುಖ ಸಪ್ಪೆಯಾಗುತ್ತದೆ. ಆಗಲಿ.

10. ಸ್ಪ್ರಿಂಗ್ ಕಟ್ ಮಾಡಿದ ಗಾಡಿಗೆ ಕೈ ಹಾಕುವುದಿಲ್ಲ

ಸ್ಪ್ರಿಂಗಿನ ಒಂದು ಸುತ್ತು ಕಟ್ ಮಾಡಿ ಗಾಡಿ ಇಳಿಸುವುದು ಎಲ್ಲಕ್ಕಿಂತ ಅಗ್ಗ. ಆರು ಸುತ್ತು ಕೆಲಸ ಮಾಡುತ್ತಿದ್ದಲ್ಲಿ ಐದು ಉಳಿದರೆ ಸ್ಪ್ರಿಂಗ್ 20 ಪ್ರತಿಶತ ಗಟ್ಟಿಯಾಗುತ್ತದೆ ನಿಜ, ಇಳಿದ ಎತ್ತರಕ್ಕೆ ಅಷ್ಟು ಸಾಲುವುದಿಲ್ಲ. ಕಟ್ ಆದ ತುದಿ ಸೀಟಿನ ಮೇಲೆ ಸಮನಾಗಿ ಕೂರುವುದಿಲ್ಲ. ಗಾಡಿ ಎತ್ತಿದಾಗ ಸ್ಪ್ರಿಂಗ್ ಸಡಿಲವಾಗಿ ಕೈಗೇ ಬರುತ್ತದೆ. ಹಂಪ್ ಹಾರಿ ಇಳಿಯುವಾಗ ಅದು ಸೀಟು ಬಿಟ್ಟು ಜರುಗಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ ಕೂರಿಸುವುದು ಇನ್ನೂ ಕೆಟ್ಟದ್ದು, ಉಕ್ಕಿನ ಹದವೇ ಹೋಗುತ್ತದೆ. ಇಂಥ ಗಾಡಿ ಬಂದರೆ ಮೊದಲು ಸ್ಪ್ರಿಂಗ್ ಬದಲಿಸಿ ಬನ್ನಿ ಎಂದು ಕಳಿಸುತ್ತೇನೆ. ಲೋ ಮಾಡಲೆಂದೇ ತಯಾರಾದ ಸ್ಪ್ರಿಂಗ್ ಹಾಕಿದ್ದರೂ ಗಾಡಿ ಪೂರ್ತಿ ಎತ್ತಿ, ಚಕ್ರ ಜೋತು ಬಿದ್ದಾಗ ಸ್ಪ್ರಿಂಗ್ ಬಿಗಿಯಾಗಿಯೇ ಇದೆಯೇ ಎಂದು ಕೈಯಿಂದ ತಿರುಗಿಸಿ ನೋಡುವುದು ಒಳ್ಳೆಯದು.

11. ಬೋಲ್ಟ್ ಬಿಗಿಯುವುದು ಚಕ್ರ ನೆಲದ ಮೇಲಿದ್ದಾಗ

ಬೀಮಿನ ಮುಂದಿನ ಬುಷ್ ರಬ್ಬರು ಒಳಕೊಳವೆಗೂ ಹೊರಕೊಳವೆಗೂ ಅಂಟಿಕೊಂಡಿರುತ್ತದೆ, ಉಜ್ಜಿಕೊಂಡು ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಹಳೆಯ ಎತ್ತರದಲ್ಲಿ ಬಿಗಿದ ಬೋಲ್ಟನ್ನು ಹಾಗೇ ಬಿಟ್ಟು ಗಾಡಿ ಇಳಿಸಿದರೆ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ, ಎತ್ತರದ ಅಳತೆಯನ್ನೂ ಕೆಡಿಸುತ್ತದೆ. ಸ್ಪ್ರಿಂಗ್ ಹಾಕಿದ ಮೇಲೆ ಬೋಲ್ಟುಗಳನ್ನು ಸಡಿಲಿಸಿ, ಗಾಡಿಯನ್ನು ಚಕ್ರದ ಮೇಲೆ ನಿಲ್ಲಿಸಿ, ಎರಡು ಸಲ ಹಿಂದೆ ಮುಂದೆ ಉರುಳಿಸಿ, ಆಮೇಲೆ ಬಿಗಿಯಿರಿ. ಅಂತರದ ಅಳತೆ ಇದಾದ ಮೇಲೇ.

ಎಬಿಎಸ್ ಇಲ್ಲದ ಹಳೆಯ ಸಣ್ಣ ಕಾರುಗಳಲ್ಲಿ ಇನ್ನೊಂದನ್ನು ನೋಡಬೇಕು. ಹಿಂದಿನ ಆಕ್ಸೆಲಿಗೂ ಬಾಡಿಗೂ ನಡುವೆ ಸಣ್ಣ ಕಡ್ಡಿಯಿಂದ ಜೋಡಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇರಬಹುದು. ಬಾಡಿ ಕೆಳಗೆ ಇಳಿದರೆ ಗಾಡಿಯಲ್ಲಿ ಭಾರ ತುಂಬಿದೆ ಎಂದು ಅದು ತಿಳಿದು ಹಿಂದಿನ ಬ್ರೇಕಿಗೆ ಹೆಚ್ಚು ಒತ್ತಡ ಬಿಡುತ್ತದೆ. ಲೋ ಮಾಡಿದ ಖಾಲಿ ಗಾಡಿಯಲ್ಲಿ ಅದು ಸುಳ್ಳು ಭಾರ. ಜೋರು ಬ್ರೇಕ್ ಹಾಕಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗುತ್ತದೆ. ಕಡ್ಡಿಯನ್ನು ಹೊಸ ಎತ್ತರಕ್ಕೆ ಹೊಂದಿಸದೆ ಗಾಡಿ ಹೊರಗೆ ಬಿಡಬೇಡಿ.

12. ಹಂಪ್‌ಗಳು ಪುಸ್ತಕ ಓದಿ ಹುಟ್ಟಿದವಲ್ಲ

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆಯ ಪ್ರಕಾರ ಗುಂಡನೆಯ ಹಂಪ್ 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ. ಅಂಥದ್ದರ ಮೇಲೆ ಗಾಡಿ ಆರಾಮಾಗಿ ಹತ್ತಿ ಇಳಿಯುತ್ತದೆ. ನಮ್ಮ ಲೇಔಟುಗಳಲ್ಲಿ ನಿವಾಸಿಗಳೇ ನಿಂತು ಹಾಕಿಸಿದ ಹಂಪ್‌ಗಳ ಅಗಲ ಒಂದು ಮಾರು ಇದ್ದರೆ ಹೆಚ್ಚು, ಬಿಳಿ ಪಟ್ಟೆಯೂ ಇರುವುದಿಲ್ಲ. ಹಾಗಾಗಿ ಲೆಕ್ಕವನ್ನು ಹಾಕುವುದು ನಿಮ್ಮ ಬೀದಿಯ ಹಂಪಿಗೆ. ಅಂದಹಾಗೆ ಹಂಪಿನಲ್ಲಿ ಸ್ಟಾಪಿಗೆ ಬಡಿಯುವ ತೊಂದರೆಯನ್ನು ದುಬಾರಿ ದಾರಿಯಲ್ಲಿ ಬಿಡಿಸಿದವರೂ ಇದ್ದಾರೆ: 2021ರಲ್ಲಿ ಇಲ್ಲಿಗೆ ಬಂದ ಸಿಟ್ರೋಎನ್ ಸಿ5 ಏರ್‌ಕ್ರಾಸ್‌ನ ಶಾಕ್ ಒಳಗೆ, ಓಟದ ಕೊನೆಯಲ್ಲಿ ಎಣ್ಣೆಯ ಒತ್ತಡದಿಂದಲೇ ಗಾಡಿಯನ್ನು ತಡೆಯುವ ವ್ಯವಸ್ಥೆ ಇದೆ. ಓಡಿಸಿ ನೋಡಿದರೆ ಹೊಟ್ಟೆ ಉರಿಯುತ್ತದೆ.

13. ಕಾನೂನು ಮತ್ತು ಬಿಲ್ಲು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಮಾರ್ಪಡಿಸುವಂತಿಲ್ಲ, ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಇಂಥ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಎನ್ನುತ್ತದೆ. ಅಪಘಾತವಾದರೆ ಇನ್ಶೂರೆನ್ಸಿನವರು ಮೊದಲು ಬಗ್ಗಿ ನೋಡುವುದು ಗಾಡಿಯ ಕೆಳಗೆ. ಇದನ್ನು ಕೆಲಸ ಶುರುವಾಗುವ ಮುನ್ನವೇ ಗಿರಾಕಿಗೆ ಹೇಳುತ್ತೇನೆ. ಕೆಲವರು ಅಲ್ಲಿಂದಲೇ ವಾಪಸ್ ಹೋಗುತ್ತಾರೆ, ಬೇಜಾರಿಲ್ಲ.

ಮಾಡಿಸುತ್ತೇನೆ ಎಂದವರಿಗೆ ಕಂಪನಿಯ ಹಳೆಯ ಸ್ಪ್ರಿಂಗು, ಸ್ಟಾಪುಗಳನ್ನು ಚೀಲಕ್ಕೆ ತುಂಬಿ ಡಿಕ್ಕಿಯಲ್ಲೇ ಇಟ್ಟು ಕಳಿಸುತ್ತೇನೆ, ಗುಜರಿಗೆ ಹಾಕಲು ಬಿಡುವುದಿಲ್ಲ. ಬಿಲ್ಲಿನ ಹಿಂಬದಿಯಲ್ಲಿ ನಾಲ್ಕು ಅಂಕಿ ಬರೆದುಕೊಡುತ್ತೇನೆ: ಖಾಲಿ ಗಾಡಿಯ ಅಂತರ, ಭಾರ ಹೇರಿದಾಗಿನ ಅಂತರ, ಸ್ಟಾಪಿನ ಉದ್ದ, ಜಜ್ಜಿದಾಗ ಉಳಿಯಬೇಕಾದ ದಪ್ಪ. ಮುಂದೆ ಯಾರಾದರೂ ಅಗಲದ ಟಯರು ಹಾಕಿಸಿಕೊಡುತ್ತೇನೆ ಎಂದರೆ ಆ ಚೀಟಿ ತೋರಿಸಿ, ನಾಲ್ಕನೆಯ ಅಂಕಿ ಈಗಲೂ ಸಾಲುತ್ತದೆಯೇ ಎಂದು ಕೇಳಿ.